ಹಕ್ಕಿಗೆ ಮುಖ ತಿರುಗಿಸಿದ ಬೊಳ್ಳು

ಅಬುಧಾಬಿಯ ಅರಬ್ಬಿ ಯಜಮಾನರೊಬ್ಬರ ಮನೆಯಲ್ಲಿ ಇಷ್ಟು ವರ್ಷ ಕಾರು ಓಡಿಸಿಕೊಂಡಿದ್ದ ಜಯಪಾಲನಿಗೆ ನಾಯಿ ಸಾಕುವ ಕೆಲಸವೂ ಗಂಟುಬಿದ್ದದ್ದು ಹೋದ ಚಳಿಗಾಲದಲ್ಲಿ. ಯುರೋಪಿನಿಂದ ತರಿಸಿದ ಬೇಟೆ ತಳಿಯ ಮರಿ ಅದು. ಬೆಳೆದ ಮೇಲೆ ಯಜಮಾನರ ತೋಟದಲ್ಲಿ ಪೊದೆಯೊಳಗಿನ ಹಕ್ಕಿಯ ವಾಸನೆ ಹಿಡಿದು, ಅಲ್ಲಾಡದೆ ನಿಂತು ತೋರಿಸಬೇಕು; ಮಿಕ್ಕ ಕೆಲಸ ಅವರ ಸಾಕಿದ ಗಿಡುಗನದ್ದು. ಅಲ್ಲಿಯವರೆಗೆ ನಿನ್ನ ಮನೆಯಲ್ಲಿಟ್ಟುಕೋ ಎಂದರು ಅರ್ಬಾಬ್, ಅಂದರೆ ಯಜಮಾನರು. ಅರ್ಬಾಬ್ ಹೇಳಿದ್ದಕ್ಕೆ ಜಯಪಾಲ ಯಾವತ್ತು ಇಲ್ಲ ಅಂದಿದ್ದಾನೆ?

ಪಟ್ಟಣದ ಹೊರಗಿನ ಮುಸಫಾದಲ್ಲಿ ಅವನದು ನೆಲಮಹಡಿಯ ಎರಡು ಕೋಣೆ, ಹಿಂದೆ ಚಾಪೆ ಹಾಸುವಷ್ಟು ಅಂಗಳ. ಹೆಂಡತಿ ಲೋಲಾಕ್ಷಿ ಮೊದಲ ದಿನ ಮೂಗು ಮುರಿದಳು, ಮರುದಿನ ಬೊಳ್ಳು ಎಂದು ಹೆಸರಿಟ್ಟಳು. ಆಮೇಲೆ ಕೇಳಬೇಕೆ? ಅವಳು ಅಡುಗೆಮನೆಗೆ ಹೋದರೆ ಅದೂ ಅಡುಗೆಮನೆಗೆ. ಜಯಪಾಲ ಕರೆದರೆ ಕಿವಿಯನ್ನೂ ಆಡಿಸುತ್ತಿರಲಿಲ್ಲ.

ಎಡವಟ್ಟಾದದ್ದು ಆ ಅಂಗಳದಲ್ಲೇ. ಊರಿನಲ್ಲಿ ತಾಯಿ ತೀರಿಕೊಂಡಾಗ ಲೋಲಾಕ್ಷಿಯ ಪಾಸ್‌ಪೋರ್ಟು ವೀಸಾದ ಕೆಲಸಕ್ಕೆ ಹೋಗಿತ್ತು. ಮುಖ ನೋಡಲಿಕ್ಕಾಗಲಿಲ್ಲ, ಉತ್ತರಕ್ರಿಯೆಗೂ ಮುಟ್ಟಲಿಕ್ಕಾಗಲಿಲ್ಲ. ಅಂದಿನಿಂದ ಬೆಳಿಗ್ಗೆ ತಾನು ಚಹಾ ಕುಡಿಯುವ ಮೊದಲು ಅಂಗಳದ ಮೂಲೆಯಲ್ಲಿ ಒಂದು ಹಿಡಿ ಅನ್ನ ಇಡುತ್ತಾಳೆ. ಕಾಗೆ ಬಂದರೆ ಬಂತು, ಬರುವುದು ಹೆಚ್ಚಾಗಿ ಪಾರಿವಾಳ. ಯಾವುದಾದರೇನು, ಅಮ್ಮನಿಗೆ ಮುಟ್ಟಿತು ಎಂದುಕೊಳ್ಳುತ್ತಾಳೆ. ಅಂಥ ಹಕ್ಕಿಯ ಮೇಲೆ ಮರಿ ನೆಗೆದರೆ ಸುಮ್ಮನಿರುತ್ತಾಳೆಯೇ? ಹಿಡಿಸೂಡಿಯಲ್ಲಿ ಮೂತಿಗೆ ಬಡಿದಳು. ಮತ್ತೆ ನೆಗೆಯಿತು, ಮತ್ತೆ ಬಡಿದಳು. ಕೊನೆಗೆ ಪಾರಿವಾಳ ಬಂದು ಕೂತರೆ ಬೊಳ್ಳು ತಾನಾಗಿಯೇ ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿತು. ಗಂಡ ಹೆಂಡತಿ ಇಬ್ಬರೂ ಹಿಗ್ಗಿದರು. ಬೇಟೆನಾಯಿಗೆ ಹಕ್ಕಿ ಮುಟ್ಟದ ಬುದ್ಧಿ ಕಲಿಸಿದೆವೆಂದು ಹಿಗ್ಗುವವರಿಗೆ ಏನು ಹೇಳೋಣ!

ಈ ವರ್ಷ ಅರ್ಬಾಬ್ ತೋಟದ ಪೊದೆಯೊಂದರಲ್ಲಿ ಸಾಕಿದ ಗೌಜುಗ ಹಕ್ಕಿ ಬಿಡಿಸಿ ಪರೀಕ್ಷೆ ಮಾಡಿದರು. ಬೊಳ್ಳು ಹತ್ತಿರ ಹೋಯಿತು, ಮೂಸಿತು, ಮುಖ ತಿರುಗಿಸಿ ಬಂದು ಜಯಪಾಲನ ಕಾಲ ಹಿಂದೆ ಅಡಗಿತು. ಅರ್ಬಾಬ್ ಬೈಯಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಸರಿಯಾಗದಿದ್ದರೆ ಮರುಭೂಮಿಯ ನಡುವಿನ ಲಿವಾದ ಒಂಟೆ ಕೊಟ್ಟಿಗೆಯಲ್ಲಿ ಕಾವಲಿಗೆ ಕಟ್ಟಿಸುತ್ತೇನೆ, ಖಲಾಸ್ ಎಂದರು. ಸರಪಳಿ, ತಗಡಿನ ಮಾಡು, ಅಲ್ಲಿಯ ಬೇಸಿಗೆ. ಸುದ್ದಿ ಕೇಳಿ ಲೋಲಾಕ್ಷಿ ಊಟ ಬಿಟ್ಟಳು.

ಜಯಪಾಲ ಕಲಿಸುವವರನ್ನು ಹುಡುಕಿಕೊಂಡು ಹೊರಟ. ದುಬೈಯಲ್ಲಿ ಸಿಕ್ಕವನು ಸೋಫಾದ ನಾಯಿಗಳಿಗೆ ಕೂರಲು, ಕೈ ಕೊಡಲು ಕಲಿಸುವವನು; ಹಕ್ಕಿಬೇಟೆ ಎಂದೊಡನೆ ಕೈ ಮುಗಿದ. ಕೊನೆಗೆ ಗಿಡುಗ ನೋಡಿಕೊಳ್ಳುವ ಅನ್ಸಾರ್ ಒಂದು ಹೆಸರು ಹೇಳಿದ: ಲಿಯೊನೆಲ್, ಮಂಗಳೂರಿನವನು, ಅಲ್ ಐನ್ ರಸ್ತೆಯ ತೋಟವೊಂದರಲ್ಲಿ ಬೇಟೆನಾಯಿಗಳನ್ನು ಪಳಗಿಸುತ್ತಾನೆ. ಶುಕ್ರವಾರ ಗಂಡ, ಹೆಂಡತಿ, ಬೊಳ್ಳು ಮೂವರೂ ಹೋದರು.

ಲಿಯೊನೆಲ್ ಬೊಳ್ಳುವನ್ನು ಸ್ವಲ್ಪ ಹೊತ್ತು ಓಡಾಡಿಸಿ ನೋಡಿದ.

"ಮೂಗು ಒಳ್ಳೆದುಂಟು ಜಯಪಾಲಣ್ಣ. ಹಕ್ಕಿ ಕಂಡಾಗ ಯಾರೋ ಇದಕ್ಕೆ ಹೊಡ್ದಿದ್ದಾರೆ, ಅಷ್ಟೇ."

"ನಾನೇ ಹೊಡ್ದದ್ದು" ಎಂದಳು ಲೋಲಾಕ್ಷಿ.

"ಹಾಗಾದ್ರೆ ನನ್ನೊಬ್ಬನಿಂದ ಆಗುದಿಲ್ಲ ಅಕ್ಕ. ಬೇಡ ಅಂದವ್ರೇ ಈಗ ಬೇಕು ಅನ್ಬೇಕು. ನಿಮ್ಮ ಕೈಯಿಂದ್ಲೇ ಹಕ್ಕಿ ಬಿಡಿ. ಅದು ಹಿಡಿದ್ರೆ ನೀವೇ ಹೊಗಳಿ. ಹಿಡಿಯದೆ ನಿಂತು ತೋರಿಸುದನ್ನು ಆಮೇಲೆ ನಾನು ಕಲಿಸ್ತೇನೆ. ಮುಖದಲ್ಲಿ ಬೇಸರ ಕಂಡ್ರೆ ಮುಗೀತು, ಮತ್ತೆ ಯಾವತ್ತೂ ಹತ್ರ ಹೋಗ್ಲಿಕ್ಕಿಲ್ಲ."

"ಹಕ್ಕಿ ಸಾಯ್ತದಾ?"

"ಸಾಯ್ಬಹುದು. ಮೊದಲ ಸಲ ಅಲ್ವಾ, ಅದಕ್ಕೆ ಹದ ಗೊತ್ತಿರುದಿಲ್ಲ."

ಜಯಪಾಲನಿಗೆ ತಡೆಯಲಾಗಲಿಲ್ಲ. "ಬೇಡ ಮಾರಾಯ್ತಿ, ಹೋಗುವ" ಎಂದ.

"ಎಲ್ಲಿಗೆ? ಲಿವಾಕ್ಕಾ?"

ರೆಕ್ಕೆ ಕಟ್ಟಿದ ಗೌಜುಗವನ್ನು ಲಿಯೊನೆಲ್ ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಮ್ಮನಿಗೆ ಏನೋ ಹೇಳುವವಳಂತೆ ತುಟಿ ಅಲ್ಲಾಡಿಸಿದಳು. ಆಮೇಲೆ ಮರಳಿನ ಮೇಲೆ ಬಿಟ್ಟಳು.

ಬೊಳ್ಳು ಮುಖ ತಿರುಗಿಸಿ ಕುಳಿತಿತು. ಕುಳಿತು, ತಾನು ಎಷ್ಟು ಒಳ್ಳೆಯವನು ನೋಡು ಎಂಬಂತೆ ಅವಳತ್ತ ನೋಡಿ ಬಾಲ ಆಡಿಸಿತು. ಲೋಲಾಕ್ಷಿ ಮಂಡಿಯೂರಿ ಅದರ ಮೂತಿಯನ್ನು ಹಕ್ಕಿಯ ಕಡೆ ತಿರುಗಿಸಿ, "ಪತ್ತ್ ಮಗಾ, ಪತ್ತ್" ಎಂದಳು. ಹಿಡಿ ಎಂದು ಅವಳು ಹೇಳಿದ್ದನ್ನು ಆ ನಾಯಿ ಅದುವರೆಗೆ ಕೇಳಿಯೇ ಇರಲಿಲ್ಲ. ಒಂದು ಹೆಜ್ಜೆ ಇಟ್ಟಿತು, ನಿಂತು ಅವಳ ಮುಖ ನೋಡಿತು. ಲೋಲಾಕ್ಷಿ ನಕ್ಕಳು. ಬೊಳ್ಳು ನೆಗೆಯಿತು.

ತಂದು ಅವಳ ಮಡಿಲಲ್ಲಿಟ್ಟಾಗ ಹಕ್ಕಿಯ ಕತ್ತು ಜೋತುಬಿದ್ದಿತ್ತು. ಅವಳು ಒಂದು ಕೈಯಿಂದ ಅದರ ಮೇಲೆ ಶಾಲು ಎಳೆದಳು, ಇನ್ನೊಂದು ಕೈಯಿಂದ ಬೊಳ್ಳುವಿನ ತಲೆ ಸವರಿದಳು. ನಗು ಕೆಡದ ಹಾಗೆ, "ಜಾಣ, ನನ್ನ ಜಾಣ" ಎನ್ನುತ್ತಲೇ ಇದ್ದಳು. ಸಾಕು ಅಕ್ಕ ಎಂದು ಲಿಯೊನೆಲ್ ಹೇಳಿದ ಮೇಲೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅತ್ತುಬಿಡುತ್ತಾಳೆಂದು ಜಯಪಾಲನಿಗೆ ಗೊತ್ತಿತ್ತು. ಅವನೂ ಬಂದು ಪಕ್ಕದಲ್ಲಿ ಕುಳಿತು, ಜಾಣ, ಜಾಣ ಎನ್ನತೊಡಗಿದ.