ಮೀನಿನ ತಿಂಡಿಗೆ ಬೀಗ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ, ಮಕ್ಕಳೇ, ಒಂದು ಇಡೀ ದಿನ ನನ್ನ ಅಪ್ಪನನ್ನೇ ಕಳ್ಳ ಎಂದುಕೊಂಡಿದ್ದೆ.

ಆಗ ನಾವಿದ್ದದ್ದು ಜಬಲ್ ಅಖ್ದರ್ ಬೆಟ್ಟದ ಮೇಲೆ. ಒಮಾನ್ ಎಂದರೆ ಬರೀ ಬಿಸಿಲು ಎನ್ನುವವರು ಅಲ್ಲಿಯ ಜನವರಿ ನೋಡಿಲ್ಲ. ಬೆಳಿಗ್ಗೆ ಬಕೆಟಿನ ನೀರಿನ ಮೇಲೆ ಗಾಜಿನಂಥ ಮಂಜುಗಡ್ಡೆ ಕಟ್ಟಿರುತ್ತಿತ್ತು. ಅಪ್ಪ ಒಬ್ಬ ಒಮಾನಿ ಯಜಮಾನರ ದಾಳಿಂಬೆ ತೋಟ ನೋಡಿಕೊಳ್ಳುತ್ತಿದ್ದರು. ಅವರೇ ನಮ್ಮ ಕಫೀಲ್. ವೀಸಾ, ಮನೆ, ಅನ್ನ ಎಲ್ಲ ಅವರ ಕೈಯಲ್ಲಿ. ತೋಟದ ಕೊಳದಲ್ಲಿ ಅವರ ಮುದ್ದಿನ ಕೋಯಿ ಮತ್ತು ಚಿನ್ನದ ಮೀನುಗಳಿದ್ದವು.

ಚಳಿ ಏರಿದ ಮೇಲೆ ಅಪ್ಪ ಮೀನಿಗೆ ತಿಂಡಿ ಹಾಕುವುದನ್ನೇ ನಿಲ್ಲಿಸಿಬಿಟ್ಟರು. ತಿಂಡಿಯ ಡಬ್ಬಕ್ಕೆ ಬೀಗ ಬೇರೆ. ಮೀನುಗಳು ತಳದಲ್ಲಿ ಕಲ್ಲಿನ ಹಾಗೆ ಬಿದ್ದಿದ್ದವು.

"ಬೀಗ ಯಾಕೆ ಮಾರಾಯ? ಅಪ್ಪ ತಿಂಡಿ ಯಾರಿಗಾದ್ರೂ ಮಾರ್ತಿದ್ದಾರಾ?" ಅಕ್ಕ ಪಿಸುಗುಟ್ಟಿದಳು.

"ಅಪ್ಪ ಹಾಗೆ ಮಾಡ್ಲಿಕ್ಕಿಲ್ಲ."

"ಮತ್ತೆ ಬೀಗ?"

ಆ ದಿನ ಬೆಳಿಗ್ಗೆಯಿಂದ ಅಪ್ಪನ ಹಿಂದೆಯೇ ಸುಳಿದೆ. ಅವರು ಜೇಬು ಮುಟ್ಟಿದರೂ ಅನುಮಾನ, ಗೇಟಿನ ಕಡೆ ನೋಡಿದರೂ ಅನುಮಾನ. ಮೀನು ಸತ್ತರೆ ಕಫೀಲ್ ನಮ್ಮನ್ನು ಊರಿಗೆ ಅಟ್ಟುತ್ತಾರೆ ಎಂಬ ಭಯ ಬೇರೆ.

ನಮ್ಮೂರಲ್ಲಿ ದೇವಸ್ಥಾನದ ಕೆರೆಯ ಮೀನಿಗೆ ಅನ್ನ ಹಾಕುವುದು ಪುಣ್ಯದ ಕೆಲಸ. ಅಪ್ಪ ಗಿಡ ಸವರಲು ಹೋದದ್ದೇ ತಡ, ನಾನು ಎರಡು ಮುಷ್ಟಿ ಕುಚ್ಚಲಕ್ಕಿ ಅನ್ನ ತಂದು ಕೊಳಕ್ಕೆ ಸುರಿದೆ. ಮೀನುಗಳು ನಿಧಾನವಾಗಿ ಮೇಲೆ ಬಂದು ಬಾಯಿ ತೆರೆದವು.

ಅಪ್ಪ ಎಲ್ಲಿಂದಲೋ ಓಡಿ ಬಂದರು. ಹೆಗಲ ಮೇಲಿನ ಬೈರಾಸು ಬಟ್ಟೆಯನ್ನೇ ಬಲೆಯಂತೆ ಹಿಡಿದು ಸೊಂಟದವರೆಗೆ ಆ ನೀರಿಗೆ ಇಳಿದರು.

"ಚಳಿಗೆ ಇವುಗಳ ಹೊಟ್ಟೆ ಮಲಗಿರ್ತದೆ ಮಗಾ. ತಿಂದದ್ದು ಕರಗುದಿಲ್ಲ, ಒಳಗೇ ಕೊಳೀತದೆ. ಡಬ್ಬಕ್ಕೆ ಬೀಗ ಹಾಕಿದೆ, ಅನ್ನದ ಪಾತ್ರೆಗೆ ಹಾಕ್ಲಿಲ್ಲ ನೋಡು!"

ಅಷ್ಟರಲ್ಲಿ ಕಫೀಲ್ ಜೀಪಿನಿಂದ ಇಳಿದರು. ಅಪ್ಪನ ಬೈರಾಸಿನಲ್ಲಿ ಅನ್ನ, ಅನ್ನದ ನಡುವೆ ಒದ್ದಾಡುವ ಒಂದು ಚಿನ್ನದ ಮೀನು. ಮತ್ರಾ ಪೇಟೆಯ ಅಂಗಡಿಗಳಲ್ಲಿ ಕಲಿತ ಹಿಂದಿಯಲ್ಲಿ ಅವರು ಕೇಳಿದರು: "ಮೀನೂ ಅನ್ನವೂ ಒಟ್ಟಿಗೇ? ಊಟ ಕೊಳದಲ್ಲೇ ಏನು?" ಮುಖದಲ್ಲಿ ನಗುವಿರಲಿಲ್ಲ.

"ತಪ್ಪು ನನ್ನದು," ಎಂದರು ಅಪ್ಪ. ಹಲ್ಲು ಕಟಕಟ ಎನ್ನುತ್ತಿತ್ತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಖಲಾಸ್. ನಾಳೆ ಸಾಮಾನು ಕಟ್ಟು."

ನನಗೆ ತಡೆಯಲಾಗಲಿಲ್ಲ. ಹರಕು ಮುರುಕು ಹಿಂದಿಯಲ್ಲಿ ಕೂಗಿದೆ: "ಅನ್ನ ಹಾಕಿದ್ದು ನಾನು! ಅಪ್ಪ ತಿಂಡಿ ಕದ್ದು ಮಾರ್ತಾರೆ ಅಂತ ತಿಳಿದೆ!"

ಅಪ್ಪ ಆಗ ನನ್ನನ್ನು ನೋಡಿದರು. ಆ ನೀರಿಗಿಂತ ತಣ್ಣಗಿತ್ತು ಆ ನೋಟ.

ಕಫೀಲ್ ಬೀಗ ತೆಗೆಸಿದರು. ಡಬ್ಬ ಕಂಠದವರೆಗೆ ತುಂಬಿತ್ತು. ತಾವೇ ಅದರ ಮುಚ್ಚಳ ಹಾಕಿ, "ಯಲ್ಲಾ, ನಡೆ, ಮೊದಲು ಬಟ್ಟೆ ಬದಲಿಸು" ಎಂದು ಅಪ್ಪನಿಗೆ ಹೇಳಿ ಹೊರಟುಹೋದರು. ನಾವು ಅಲ್ಲೇ ಉಳಿದೆವು. ಒಂದೇ ಒಂದು ಮೀನು ಸತ್ತಿತು.

ಈಗ ಬೆಟ್ಟದಿಂದ ದೂರ, ಈ ಸೆಕೆಯ ಪೇಟೆ ಹಮ್ರಿಯಾದ ಫ್ಲ್ಯಾಟಿನಲ್ಲಿ ನಿಮ್ಮ ಗಾಜಿನ ತೊಟ್ಟಿಯ ಮೀನುಗಳಿಗೆ ಚಳಿ ಎಂದರೇನೆಂದೇ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಯಂತ್ರವೇ ತಿಂಡಿ ಉದುರಿಸುತ್ತದೆ. ಏನೇ ಸಂಶಯ ಬಂದರೂ ನೀವು ಫೋನನ್ನು ಕೇಳುತ್ತೀರಿ, ಅದು ಕೂಡಲೇ ಹೇಳಿಬಿಡುತ್ತದೆ. ನನಗೆ ಹೇಳಲು ಅಪ್ಪ ಇದ್ದರು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ. ನಾನು ಕೇಳಲಿಲ್ಲ.