ಹಿಂದಿನ ಸೀಟಿನಲ್ಲಿ ಅನ್ಸೆಲ್ಮ್

ಅನ್ಸೆಲ್ಮ್ ಕಾಬ್ರೊಲ್ ನಮ್ಮ ಪೆರಿನ್ಯಾಕ್ ಊರಿನ ರಸ್ತೆಗಳನ್ನು ಮೂವತ್ತಮೂರು ವರ್ಷ ರಿಪೇರಿ ಮಾಡಿದವನು. ಚಳಿಗಾಲದ ಹಿಮಕ್ಕೆ ಬಿರಿದ ಡಾಂಬರಿಗೆ ತೇಪೆ ಹಾಕುವುದು, ಚರಂಡಿ ಬಿಡಿಸುವುದು, ಬೇಲಿ ಸವರುವುದು, ಇದೇ ಕೆಲಸ. ಭಾನುವಾರ ಬಂತೆಂದರೆ ಅದೇ ರಸ್ತೆಗಳ ಮೇಲೆ ಸೈಕಲ್ ತುಳಿಯುತ್ತಿದ್ದ. ವಾರವಿಡೀ ನೋಡಿದ್ದು ಸಾಲದೇನೋ ಎಂದು ನಾನು ಕೇಳಿದರೆ, "ವಾರವೆಲ್ಲಾ ಅಡುಗೆ ಮಾಡಿದವಳು ಭಾನುವಾರ ಊಟ ಮಾಡಬಾರ್ದೇನೇ?" ಎನ್ನುತ್ತಿದ್ದ. ಮದುವೆಯಾಗಲಿಲ್ಲ. ಒಬ್ಬಳು ಒಪ್ಪಿದ್ದಳಂತೆ. ಅವಳ ಮನೆಗೆ ಮೊದಲ ಸಲ ಊಟಕ್ಕೆ ಕರೆದ ದಿನ ಇವನು ನೂರ ಹತ್ತು ಕಿಲೋಮೀಟರ್ ತುಳಿದು ಹೋಗಿ, ಅವಳ ತಾಯಿಯ ಎದುರಿಗೇ ತಟ್ಟೆಯ ಪಕ್ಕದಲ್ಲಿ ತಲೆಯಿಟ್ಟು ನಿದ್ದೆ ಹೋದನಂತೆ. ಅಲ್ಲಿಗೆ ಆ ಕಥೆ ಮುಗಿಯಿತು.

ನಾನು ಜಿನೆತ್. ಇಪ್ಪತ್ತೊಂಬತ್ತು ವರ್ಷ ಇದೇ ಹಳ್ಳಿಗಳಿಗೆ ಟಪಾಲು ಹಂಚಿದವಳು. ಈ ರಸ್ತೆಗಳ ವಿಷಯದಲ್ಲಿ ಅನ್ಸೆಲ್ಮ್‌ನ ಎದುರು ಬಾಯಿ ತೆರೆಯಬಲ್ಲವಳು ನಾನೊಬ್ಬಳೇ ಎಂದು ನನಗೆ ಜಂಬವಿತ್ತು.

ನಮ್ಮೂರ ಸೈಕಲ್ ಸಂಘ ಪ್ರತಿ ವರ್ಷ ಜೂನ್ ಮೊದಲ ಭಾನುವಾರ ಒಂದು ಸವಾರಿ ನಡೆಸುತ್ತದೆ. ಪಂದ್ಯವಲ್ಲ. ಸುತ್ತಲ ಊರುಗಳಿಂದ ಎಂಬತ್ತು ತೊಂಬತ್ತು ಜನ ಬಂದು ಬೆಳಿಗ್ಗೆಯೆಲ್ಲ ತುಳಿದು, ಮಧ್ಯಾಹ್ನ ಊರಿನ ಭವನದಲ್ಲಿ ಸುಟ್ಟ ಸಾಸೇಜು, ಚೀಸ್ ಹಾಕಿ ಕಡೆದ ಆಲೂಗಡ್ಡೆ ತಿಂದು, ವೈನ್ ಕುಡಿದು ಹೋಗುತ್ತಾರೆ. ದಾರಿ ಮಾತ್ರ ವರ್ಷ ವರ್ಷವೂ ಬೇರೆ. ಅದು ಎಲ್ಲಿ ಹಾಯುತ್ತದೆಂದು ಅನ್ಸೆಲ್ಮ್ ಒಬ್ಬನಿಗೇ ಗೊತ್ತಿರುತ್ತಿತ್ತು. ಹಿಂದಿನ ದಿನ ಅವನು ಸುಣ್ಣದ ಡಬ್ಬ, ಬಾಣದ ಆಕಾರಕ್ಕೆ ಕತ್ತರಿಸಿದ ತಗಡು ಹಿಡಿದು ಹೊರಟು, ಪ್ರತಿ ತಿರುವಿನ ಮುಂಚೆ ರಸ್ತೆಯ ಮೇಲೆ ಬಿಳಿ ಬಾಣ ಬಳಿಯುತ್ತಿದ್ದ. ಇಪ್ಪತ್ತಾರು ವರ್ಷ ಬಳಿದ. ಲಾರಿ ಓಡಾಡುವ ಹೆದ್ದಾರಿಯ ಮೇಲೆ ಒಬ್ಬರನ್ನೂ ಒಮ್ಮೆಯೂ ಕಳಿಸಲಿಲ್ಲ. ಹೊರಗಿನವರು ಬರುತ್ತಿದ್ದದ್ದು ಸಾಸೇಜಿಗಲ್ಲ, ಆ ದಾರಿಗೆ.

ಹೋದ ವರ್ಷ ತಪ್ಪಾಯಿತು. ಬೆಟ್ಟದ ಮೇಲೆ ಎರಡು ಕಿಲೋಮೀಟರ್ ಅಂತರದಲ್ಲಿ ಎರಡು ಕೂಡುರಸ್ತೆಗಳಿವೆ. ಎರಡರಲ್ಲೂ ಒಂದು ಕಲ್ಲಿನ ಶಿಲುಬೆ, ಒಂದು ಚೆಸ್ಟ್‌ನಟ್ ಮರ. ಎರಡನೆಯದರಲ್ಲಿ ಬಳಿಯಬೇಕಾದ ಬಾಣವನ್ನು ಅವನು ಮೊದಲನೆಯದರಲ್ಲಿ ಬಳಿದ. ಅರವತ್ತು ಜನ ಹೊಳೆಯ ಕಮರಿಗೆ ಇಳಿದು, ಪಾಳುಬಿದ್ದ ಹಿಟ್ಟಿನ ಗಿರಣಿಯ ಮುಂದೆ ದಾರಿ ಮುಗಿದು, ಐದು ಕಿಲೋಮೀಟರ್ ಏರು ಹತ್ತಿ ವಾಪಸು ಬಂದರು. ಅಷ್ಟರಲ್ಲಿ ಸಾಸೇಜು ತಣ್ಣಗಾಗಿ ಚಪ್ಪಲಿಯಾಗಿತ್ತು.

"ಯಾವನೋ ಕಿಡಿಗೇಡಿ ಬಾಣ ತಿರುಗಿಸಿದಾನೆ," ಎಂದ ಅನ್ಸೆಲ್ಮ್.

ಸಂಘದ ಅಧ್ಯಕ್ಷ ತಿಬೋ, ನಲವತ್ತರ ಆಸುಪಾಸಿನವನು, ಒಳ್ಳೆಯವನೇ. ಅವನು ಮೆತ್ತಗೆ ಹೇಳಿದ: "ಅನ್ಸೆಲ್ಮ್, ಹಲಗೆ ಆಗಿದ್ರೆ ತಿರುಗಿಸ್ಬೋದಿತ್ತು. ರಸ್ತೆಗೆ ಬಳಿದಿರೋ ಸುಣ್ಣಾನ ಯಾರು ತಿರುಗಿಸ್ತಾರೆ?"

ಇಡೀ ಭವನ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅನ್ಸೆಲ್ಮ್ ಸುಣ್ಣ ಮೆತ್ತಿದ ಬೆರಳುಗಳನ್ನು ಜೇಬಿಗೆ ಹಾಕಿಕೊಂಡು ನಿಂತಿದ್ದ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮರುವಾರ ಅವನನ್ನು ನನ್ನ ಕಾರಿನಲ್ಲಿ ಪಟ್ಟಣದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿನ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ, ಹೋದದ್ದು ಬರುವುದಿಲ್ಲ, ಸೈಕಲ್ ಮುಟ್ಟಬಾರದು ಎಂದರು ಆ ಡಾಕ್ಟರಮ್ಮ. ಬರುವಾಗ ದಾರಿಯಲ್ಲಿ ಅನ್ಸೆಲ್ಮ್ ಹೇಳಿದ, "ಎರಡು ವರ್ಷದಿಂದ ಗೊತ್ತಿತ್ತು ಕಣೇ."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತೋ ನಿಂಗೆ?"

"ಹೇಳಿದ್ರೆ ಏನ್ ಮಾಡ್ತಿದ್ದೆ? ನಿನ್ನ ಕಣ್ಣು ಕಿತ್ತು ಕೊಡ್ತಿದ್ಯಾ?"

ಗೇರ್ ಬದಲಿಸಿ, ರಸ್ತೆ ನೋಡುತ್ತಾ ಕಾರು ಓಡಿಸಿದೆ. ನನ್ನ ಬಾಯಿ ಕಟ್ಟುವುದು ಅಷ್ಟು ಸುಲಭವಲ್ಲ ಎಂದು ಊರಿಗೇ ಗೊತ್ತು.

ಜನವರಿಯ ಸಭೆಯಲ್ಲಿ ತಿಬೋ ಎದ್ದು, ಈ ವರ್ಷದಿಂದ ದಾರಿಯನ್ನು ತಾನೇ ಕಂಪ್ಯೂಟರಿನಲ್ಲಿ ಮಾಡಿ ಎಲ್ಲರ ಫೋನಿಗೆ ಕಳಿಸುತ್ತೇನೆಂದ. ಅನ್ಸೆಲ್ಮ್‌ಗೆ ಸನ್ಮಾನದ ಮಾತೂ ಆಡಿದ. ಹಿಂದಿನ ಕುರ್ಚಿಯಿಂದ ಅನ್ಸೆಲ್ಮ್ ಎದ್ದು ನಿಂತ.

"ದಾರಿ ಮಾಡೋಕೆ ಕಣ್ಣು ಬೇಕು ಅಂತ ಯಾರೋ ಹೇಳಿದ್ದು ನಿಂಗೆ? ಈ ರಸ್ತೆಗಳಿಗೆ ಬಿದ್ದಿರೋ ಒಂದೊಂದು ತೇಪೆನೂ ನಾನೇ ಹಾಕಿದ್ದು. ಸೀಟಿನ ಮೇಲೆ ಕೂತ್ರೆ ಎಲ್ಲಿದೀನಿ ಅಂತ ನನ್ನ ಕುಂಡೆಗೇ ಗೊತ್ತಾಗುತ್ತೆ."

ನಕ್ಕವರು ನಕ್ಕರು. ಅವನು ನಗಲಿಲ್ಲ. ಅಲ್ಲೇ ಪಂದ್ಯ ಕಟ್ಟಿದ. ತಿಬೋನ ಮಾವನ ಮನೆಯಲ್ಲಿ ಇಬ್ಬರು ಕೂತು ತುಳಿಯುವ ಟ್ಯಾಂಡೆಮ್ ಸೈಕಲ್ ಇದೆ. ಮುಂದೆ ಜಿನೆತ್, ಹಿಂದೆ ತಾನು. ಅರವತ್ತು ಕಿಲೋಮೀಟರಿನ ಹೊಸ ದಾರಿ, ಅದನ್ನು ಹಿಂದಿನ ರಾತ್ರಿ ಇಬ್ಬರಿಗೂ ಬರೆಸಿಕೊಡುವುದು. ಪ್ರತಿ ತಿರುವನ್ನೂ ತಾನು ಮುಂಚೆಯೇ ಕೂಗಿ ಹೇಳುವುದು, ತಿಬೋ ಹಿಂದೆ ಬಂದು ಗುರುತು ಮಾಡಿಕೊಳ್ಳುವುದು, ಜಿನೆತ್ ತುಟಿ ಬಿಚ್ಚಕೂಡದು. "ಒಂದೇ ಒಂದು ತಿರುವು ತಪ್ಪಿದ್ರೂ ಸುಣ್ಣದ ಡಬ್ಬ ನಾನೇ ತಂದು ನಿನ್ನ ಕೈಗಿಡ್ತೀನಿ. ತಪ್ಪದೇ ಇದ್ರೆ ನಾನಿರೋ ತನಕ ದಾರಿ ನಂದು. ಬಾಣ ಬಳಿಯೋಕೆ ಜಿನೆತ್ ಬರ್ತಾಳೆ."

ಜಿನೆತ್‌ಳನ್ನು ಯಾರೂ ಕೇಳಲಿಲ್ಲ.

ಏಪ್ರಿಲ್‌ನ ಒಂದು ಶನಿವಾರ ಹೊರಟೆವು. ಹತ್ತುವ ಮುಂಚೆ ಅನ್ಸೆಲ್ಮ್ ಕಣ್ಣು ಮುಚ್ಚಿಕೊಂಡ. "ಅರ್ಧಂಬರ್ಧ ಕಾಣೋ ಕಣ್ಣು ಸುಳ್ಳು ಹೇಳುತ್ತೆ. ಹೋದ ವರ್ಷ ಅದನ್ನೇ ನಂಬಿ ಕೆಟ್ಟೆ," ಎಂದ. ಮತ್ತೆ ತೆರೆಯಲೇ ಇಲ್ಲ.

ನಾನು ಇಷ್ಟು ವರ್ಷ ಅವನನ್ನು ಕಂಡಿದ್ದೇನೆ, ಆದರೆ ಆ ದಿನ ಕಂಡದ್ದನ್ನು ಎಂದೂ ಕಂಡಿರಲಿಲ್ಲ. "ಮೋರಿ ದಾಟಿದ್ವಿ, ಇನ್ನೂರು ಮೀಟರ್, ಬಲಕ್ಕೆ." ಇನ್ನೂರಕ್ಕೆ ಸರಿಯಾಗಿ ಬಲಕ್ಕೆ ದಾರಿ. "ಮೂರು ತೇಪೆ ಸಾಲಾಗಿ. ತೊಂಬತ್ತೇಳರ ಹಿಮ. ಕೊಟ್ಟಿಗೆ ವಾಸನೆ ಬಂದ ಕೂಡ್ಲೇ ಎಡಕ್ಕೆ." ಹೊಳೆಯ ತಂಪು ಮುಖಕ್ಕೆ ತಾಗಿದರೆ ಸೇತುವೆ, ಚಕ್ರದ ಸದ್ದು ಗೋಡೆಗೆ ಬಡಿದು ಬಂದರೆ ಚರ್ಚು. ನಡುನಡುವೆ ನನಗೂ ಬೈಗುಳ: "ಗೇರ್ ಇಳಿಸೇ, ಟಪಾಲು ಮೂಟೆ ಎಳೀತಿದೀಯೇನು?" ನನಗೆ ಎದುರು ಮಾತಾಡುವಂತಿಲ್ಲ. ಅವನಿಗೆ ಅದೇ ಹಬ್ಬ.

ನಲವತ್ತನೇ ಕಿಲೋಮೀಟರಿನಲ್ಲಿ ತಿಬೋ ಪಕ್ಕಕ್ಕೆ ಬಂದ. "ಅನ್ಸೆಲ್ಮ್, ನೀವು ಈಗ ನಮ್ಮನ್ನ ತಿರುಗಿಸಿದ ರಸ್ತೆ ನನ್ನ ನಕ್ಷೆಯಲ್ಲೇ ಇಲ್ವಲ್ಲ!"

"ನಿನ್ನ ನಕ್ಷೆ ಬರೆದವನು ಇಲ್ಲಿ ಚರಂಡಿ ತೋಡಿದ್ನೇನೋ?"

ತಿಬೋ ಸೋತವನ ಹಾಗೆ ನಕ್ಕ. ಗೆದ್ದೇಬಿಟ್ಟೆವು ಎಂದು ನಾನು ಮನಸ್ಸಿನಲ್ಲೇ ಕುಣಿದೆ.

ಐವತ್ತು ದಾಟಿದ ಮೇಲೆ ಬೆಟ್ಟದ ನೆತ್ತಿಯ ಬಯಲು ಬಂತು. ಅಲ್ಲಿ ರಸ್ತೆ ಆರು ಕಿಲೋಮೀಟರ್ ನೇರ. ಮರವಿಲ್ಲ, ಮನೆಯಿಲ್ಲ, ಕೊಟ್ಟಿಗೆಯಿಲ್ಲ. ಗಾಳಿ ಬಿಟ್ಟರೆ ಸದ್ದಿಲ್ಲ. ಬಲಗಡೆ ಒಂದಾದ ಮೇಲೊಂದು ಐದು ಕವಲು. ನಮ್ಮದು ಮೂರನೆಯದು ಎಂದು ಹಿಂದಿನ ರಾತ್ರಿಯೇ ಅವನು ನನಗೂ ತಿಬೋಗೂ ಬರೆಸಿದ್ದ. ಅಲ್ಲಿ ಅವನಿಗೆ ಗುರುತಾಗಿ ಇದ್ದದ್ದು ತೇಪೆಗಳಷ್ಟೇ.

ದೂರದಿಂದಲೇ ನನಗೆ ಕಂಡಿತು. ಜಲ್ಲಿ ಇದೆ, ನಿಧಾನ ಎನ್ನುವ ಹಳದಿ ಫಲಕ. ಅದರಾಚೆಗೆ ರಸ್ತೆ ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ಆ ವಾರವೇ ಡಾಂಬರು ಸುರಿದು, ಜಲ್ಲಿ ಹಾಸಿ, ರೋಲರ್ ಓಡಿಸಿದ್ದರು. ಅವನ ತೇಪೆಗಳೆಲ್ಲ ಅದರಡಿ ಮುಚ್ಚಿಹೋಗಿದ್ದವು.

ಚಕ್ರಗಳು ಜಲ್ಲಿಗಿಳಿದವು. ಒಂದೇ ಸಮನೆ ಕರಕರ ಸದ್ದು. "ಹೊಸದಾಗಿ ಹಾಸಿದಾರೆ," ಎಂದ ಅನ್ಸೆಲ್ಮ್. "ಸಮ ಬಂದಿದೆ. ಕೆಲಸ ಗೊತ್ತಿರೋ ಹುಡುಗ್ರು." ಅದರ ನಂತರ ಮಾತು ನಿಂತಿತು. ಟ್ಯಾಂಡೆಮ್‌ನಲ್ಲಿ ಹಿಂದಿನವನ ಮುಖ ಕಾಣುವುದಿಲ್ಲ, ಕಾಲು ಮಾತ್ರ ತಿಳಿಯುತ್ತದೆ. ಅವನ ಕಾಲು ಒಮ್ಮೆ ಒತ್ತಿತು, ಒಮ್ಮೆ ಸಡಿಲಾಯಿತು, ಆಮೇಲೆ ಬರೀ ನನ್ನ ಕಾಲಿನ ಜೊತೆ ಸುತ್ತತೊಡಗಿತು. ಮೊದಲನೇ ಕವಲು ಹೋಯಿತು. ಎರಡನೆಯದೂ ಹೋಯಿತು. ಅವನು ತನ್ನ ಮೂವತ್ತಮೂರು ವರ್ಷದ ಕೆಲಸವನ್ನು ಆ ಜಲ್ಲಿಯ ಕೆಳಗೆ ಹುಡುಕುತ್ತಿದ್ದ.

"ಜಿನೆತ್," ಎಂದ, ಗಾಳಿಗೂ ಕೇಳಿಸದಷ್ಟು ಮೆತ್ತಗೆ. "ಎಷ್ಟು ಕವಲಾಯ್ತು?"

ನಾನು ತುಟಿ ಕಚ್ಚಿಕೊಂಡೆ.

"ಜಿನೆತ್. ನಾನೆಲ್ಲಿದೀನೇ?"

ಅವನು ನನ್ನನ್ನು ಏನಾದರೂ ಬೇಡಿದ್ದು ಅದೇ ಮೊದಲು. ಜಲ್ಲಿ ಸಿಡಿಯುತ್ತದೆಂದು ತಿಬೋ ನೂರು ಮೀಟರ್ ಹಿಂದೆ ಉಳಿದಿದ್ದ. ಕವಲು ಎದುರಿಗೇ ಬರುತ್ತಿತ್ತು. ಏನು ಮಾಡಬೇಕಿತ್ತು ನಾನು? ನೀವೇ ಹೇಳಿ.

"ಮುಂದಿನ್ದೇ," ಎಂದೆ. "ಬಲಕ್ಕೆ."

ಅವನು ತಿಬೋಗೆ ಕೇಳಿಸುವ ಹಾಗೆ ಕೈಯೆತ್ತಿ ಕೂಗಿದ: "ಬಲಕ್ಕೆ!"

ಉಳಿದ ದಾರಿಯಲ್ಲಿ ಎರಡೇ ತಿರುವು. ಅವನ್ನೂ ಮೆತ್ತಗೆ ಕೇಳಿದ, ಹೇಳಿದೆ, ಕೂಗಿದ. ಅಲ್ಲಿ ಹಳೇ ಡಾಂಬರೇ ಇತ್ತು, ಅವನ ತೇಪೆಗಳೂ ಇದ್ದವು. ಆದರೂ ಕೇಳಿದ. ನಾನು ಆಗ ಅದನ್ನು ಆಯಾಸ ಎಂದುಕೊಂಡೆ.

ಭವನದಲ್ಲಿ ತಿಬೋ ಬೆಂಚಿನ ಮೇಲೆ ಹತ್ತಿ ನಿಂತು, "ಅರವತ್ತು ಕಿಲೋಮೀಟರ್, ಒಂದೂ ತಪ್ಪಿಲ್ಲ! ದಾರಿ ಅನ್ಸೆಲ್ಮ್ ಅವರದೇ!" ಎಂದು ಸಾರಿದ. ಚಪ್ಪಾಳೆ ಬಿತ್ತು, ವೈನ್ ಬಂತು. ಅನ್ಸೆಲ್ಮ್ ಎಲ್ಲರಿಗೂ ನಕ್ಕ, ಎಲ್ಲರ ಕೈ ಕುಲುಕಿದ. ಕೊಚ್ಚಿಕೊಳ್ಳಲಿಲ್ಲ. ಕೊಚ್ಚಿಕೊಳ್ಳದ ಅನ್ಸೆಲ್ಮ್‌ನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನು ತಪ್ಪುತ್ತಿದ್ದ, ಸೋಲುತ್ತಿದ್ದ, ಡಬ್ಬ ಕೊಡುತ್ತಿದ್ದ. ಸಾಯುವ ತನಕ ಆ ಜಲ್ಲಿಯನ್ನು ಬೈದುಕೊಂಡಿರುತ್ತಿದ್ದ. ಕಣ್ಣಲ್ಲ, ಜಲ್ಲಿ ಕೆಡಿಸಿತು ಎಂದು ಕೆಫೆಯಲ್ಲಿ ಮೇಜು ಗುದ್ದಿ ಹೇಳಿಕೊಂಡು ತಿರುಗುತ್ತಿದ್ದ. ಅದಷ್ಟು ಅವನಿಗೆ ಉಳಿಯುತ್ತಿತ್ತು. ನಾನು ಗೆಲ್ಲಿಸಿ ಅದನ್ನೂ ಕಿತ್ತುಕೊಂಡೆ.

ಸಂಜೆ ಅವನನ್ನು ಹಿಂದೆ ಕೂರಿಸಿಕೊಂಡು ಮನೆಗೆ ಹೊರಟೆ. ಭವನದಿಂದ ಅವನ ಮನೆಗೆ ಎರಡು ಕಿಲೋಮೀಟರ್ ಇಲ್ಲ. ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ದಾರಿ ಕವಲೊಡೆಯುತ್ತದೆ. ನೀರು ಬೀಳುವ ಸದ್ದು ಕೇಳಿಸುತ್ತದೆ, ಪಾಚಿಯ ವಾಸನೆ ಬರುತ್ತದೆ, ಅವನೇ ಹಾಕಿದ ತೇಪೆಗಳ ಮೇಲೆ ಚಕ್ರ ದಡಬಡ ಎನ್ನುತ್ತದೆ. ಹುಟ್ಟಿದಾಗಿನಿಂದ, ಎಪ್ಪತ್ತನಾಲ್ಕು ವರ್ಷದಿಂದ, ಅವನು ಅಲ್ಲೇ ಮನೆಗೆ ತಿರುಗುತ್ತಿರುವುದು. ನಾನು ಬೇಕೆಂದೇ ನಿಧಾನ ಮಾಡಿದೆ. ಕೂಗುತ್ತಾನೆಂದು ಕಾದೆ. ಕೂಗಲಿಲ್ಲ. ಬ್ರೇಕ್ ಹಿಡಿದು ಕಾಲೂರಿ ನಿಂತೆ.

"ಏನೋ, ನಾಲಿಗೆ ಬಿದ್ದು ಹೋಯ್ತಾ?" ಎಂದೆ, ನಗುವಿನ ದನಿ ಮಾಡಿಕೊಂಡು. "ಹೇಳು, ಯಾವ ಕಡೆ?"

"ನೀನೇ ಹೇಳು ಜಿನೆತ್."

"ನಿನ್ನ ಮನೆ ಕಣೋ ಅದು!"

"ಇರ್ಲಿ. ನೀನೇ ಹೇಳ್ಬಿಡು."

ಅವನು ಅವಸರ ಮಾಡಲಿಲ್ಲ, ನನ್ನ ಬೆನ್ನ ಹಿಂದೆ ಕಣ್ಣು ಮುಚ್ಚಿ ಕಾಯುತ್ತಿದ್ದ.

"ಎಡಕ್ಕೆ," ಎಂದೆ ಕೊನೆಗೆ.

"ಎಡಕ್ಕೆ," ಎಂದು ಅವನೂ ಹೇಳಿದ, ಪೆಡಲ್ ಮೇಲೆ ಕಾಲಿಟ್ಟ.