ಭಾನುವಾರ ತಣಿಯುವ ಸೀಟು

ಸೋಮವಾರ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಐಲಿ ಕಾರ್ವೊನೆನ್ ಹಿಮ ತುಳಿದುಕೊಂಡು ಹಿತ್ತಲಿಗೆ ಬಂದು ಸೌನಾದ ಬಾಗಿಲು ತೆರೆಯುತ್ತಾರೆ. ಶನಿವಾರ ಸಂಜೆ ಮನೆಮಂದಿಯೆಲ್ಲ ಬೆವರಿಳಿಸಿ ಮಿಂದುಹೋದ ಆ ಮರದ ಕೋಣೆಯಲ್ಲಿ ಈಗ ಒಲೆಯೂ ಆರಿದೆ, ಅದರ ಮೇಲಿನ ಕಲ್ಲುಗಳೂ ತಣಿದಿವೆ. ಮೇಲಿನ ಹಲಗೆಯ ಮೇಲೆ, ಮರದ ಅಚ್ಚಿಗೆ ಬಿಗಿದಿಟ್ಟ, ಸೀಟಿನ ಕಪ್ಪು ಪ್ಲಾಸ್ಟಿಕ್ ತಳವೊಂದು ಅವರಿಗಾಗಿ ಕಾಯುತ್ತಿದೆ. ಐಲಿ ಅಚ್ಚಿನ ಸಮೇತ ಅದನ್ನು ಉಣ್ಣೆಯ ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಳ್ಳುತ್ತಾರೆ.

"ಚೆನ್ನಾಗಿ ನಿದ್ದೆ ಬಂತಾ?" ಎಂದು ಅದನ್ನೇ ಕೇಳುತ್ತಾರೆ.

ಮಿಷಿಗನ್ನಿನ ಈ ಬಡಗಣ ತುದಿಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಮೂರು ಚಕ್ರದ ಗಾಡಿ ಇತ್ತು. ಉಬ್ಬಿದ ಟೈರು, ಕೆಸರಿಗೂ ಸೈ, ಹಿಮಕ್ಕೂ ಸೈ. ಈಗ ಅವನ್ನು ಯಾರೂ ತಯಾರಿಸುವುದಿಲ್ಲ. ಉಳಿದವುಗಳ ಎಂಜಿನ್ ಇಂದಿಗೂ ಗುಡುಗುತ್ತದೆ, ಕಬ್ಬಿಣ ಜಗ್ಗುವುದಿಲ್ಲ. ಸೋಲುವುದು ಸೀಟಿನ ತಳ. ಬಿಸಿಲು, ಚಳಿ ತಿಂದು ತಿಂದು ಆ ಪ್ಲಾಸ್ಟಿಕ್ ಒಣರೊಟ್ಟಿಯಂತಾಗಿ ಕೂತರೆ ಟಪ್ಪೆನ್ನುತ್ತದೆ.

ಐಲಿ ಮೊದಲು ಶಾಲಾ ಬಸ್ಸುಗಳ ಶೆಡ್ಡಿನಲ್ಲಿ ಹರಿದ ಸೀಟು ಹೊಲಿಯುತ್ತಿದ್ದವರು. ಗಂಡ ಆರ್ಥರ್ ತೀರಿಕೊಂಡ ಮೇಲೆ ಅವರ ಗಾಡಿಯ ಸೀಟನ್ನು ಅಂಟು ಹಾಕಿ ಕೂಡಿಸಲು ಹೋದರು. "ಎಲ್ರೂ ಮಾಡೋ ತಪ್ಪೇ ಅದು. ಈ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಹಿಡಿಯಲ್ಲ. ಅದರದೇ ಜಾತಿಯ ಮುರುಕು ತಂದು ಕರಗಿಸಿ ಬೆಸೀಬೇಕು" ಎನ್ನುತ್ತಾರೆ. ಬಿರುಕು ಮುಂದೆ ಓಡದಂತೆ ಅದರ ತುದಿಗೊಂದು ಸಣ್ಣ ತೂತು, ಒಳಮೈಗೆ ತಂತಿಯ ಬಲೆ. ಶುಕ್ರವಾರ ಈ ಬೆಸುಗೆ.

ಆದರೆ ಬೆಸೆದ ತಳ ಡೊಂಕಾಗಿಯೇ ಉಳಿಯುತ್ತಿತ್ತು. ದಾರಿ ತೋರಿಸಿದ್ದು ಅಜ್ಜಿಯ ನೆನಪು. ಎಲ್ಲರೂ ಮಿಂದಾದ ಮೇಲೆ ಅಜ್ಜಿ ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿ, ಕೊನೆಯ ಕಾವನ್ನು ಸೌನಾ ಕಾಯುವ, ಕಣ್ಣಿಗೆ ಕಾಣದ ಕುಳ್ಳನಿಗೆಂದು ಬಿಟ್ಟು ಬರುತ್ತಿದ್ದಳು. "ನಾನು ಆ ಕಾವನ್ನ ಸೀಟಿಗೆ ಬಿಡ್ತೀನಿ. ಅವನೇನೂ ಬೇಜಾರು ಮಾಡ್ಕೊಂಡ ಹಾಗಿಲ್ಲ" ಎಂದು ನಗುತ್ತಾರೆ ಐಲಿ. ಕಾವಿಗೆ ಮೆತ್ತಗಾದ ತಳವನ್ನು ಶನಿವಾರ ರಾತ್ರಿ ಅಚ್ಚಿಗೆ ಬಿಗಿದರೆ ಭಾನುವಾರವಿಡೀ ಅದನ್ನು ಯಾರೂ ಮುಟ್ಟುವಂತಿಲ್ಲ. ದೇವರು ಕೊಟ್ಟ ಬಿಡುವಿನ ದಿನ ಅವರಿಗೂ ಬಿಡುವು, ಸೀಟಿಗೂ ಬಿಡುವು. ಹೀಗಾಗಿ ವಾರಕ್ಕೆ ಒಂದೋ ಎರಡೋ ಸೀಟು, ಅಷ್ಟೇ.

ಈ ವಾರದ್ದು ಒನ್ನಿ ಹರ್ಜು ಅವರದು. ಐಲಿಯ ಸಹಪಾಠಿ. ಎರಡು ಮೊಣಕಾಲೂ ಹೋಗಿವೆ. ಹೆಪ್ಪುಗಟ್ಟಿದ ಕೆರೆಯ ನಡುವೆ ಇರುವ ಮಂಜುಗಡ್ಡೆ ಕೊರೆದು ಮೀನು ಹಿಡಿಯುವ ಗುಡಿಸಲಿಗೆ ಅವರನ್ನು ಮುಟ್ಟಿಸುವುದು ಆ ಗಾಡಿಯೊಂದೇ. ಕಳೆದ ಚಳಿಗಾಲ ಐಲಿ ಚರ್ಚಿನಲ್ಲಿದ್ದಾಗ ಈ ಮಹಾರಾಯರು ಸೌನಾಕ್ಕೆ ನುಗ್ಗಿ, ಇನ್ನೂ ಬೆಚ್ಚಗಿದ್ದ ತಳವನ್ನು ಎತ್ತಿಕೊಂಡು ಹೋಗಿ ಗಾಡಿಗೆ ಬಿಗಿದಿದ್ದರು. ಅದು ಸೊಟ್ಟಗೇ ತಣಿಯಿತು. ಕೆರೆಯ ನಡುವೆ ಮುರಿಯಿತು. ಒನ್ನಿ ಮಂಜುಗಡ್ಡೆಯ ಮೇಲೆ ಬಿದ್ದರು, ಯಾರೋ ಕಂಡು ಎತ್ತುವ ತನಕ ಏಳಲಾಗಲಿಲ್ಲ. ಮಗಳು ಡಾನಾ ಅಂದೇ ಹೇಳಿಬಿಟ್ಟಳು: ಇನ್ನೊಂದು ಸಲ ಮುರಿದರೆ ಗಾಡಿ ಮಾರಾಟ. ಕೊಳ್ಳುವವನನ್ನೂ ನೋಡಿಟ್ಟಿದ್ದಾಳೆ.

ನಿನ್ನೆಯೂ ಒನ್ನಿ ಚರ್ಚಿನ ಮೆಟ್ಟಿಲಲ್ಲೇ ಗಂಟುಬಿದ್ದರಂತೆ.

"ಐಲಿ, ಮೀನು ಕಚ್ತಾ ಇದೆ ಕಣೇ. ಇವತ್ತೇ ಕೊಟ್ಬಿಡೇ."

"ಬಾಯ್ಮುಚ್ಕೊಂಡು ನಾಳೆ ಬಾ ಕಳ್ಳ. ಸೌನಾದ ಬೀಗದ ಕೈ ನನ್ನ ಪ್ರಾರ್ಥನೆ ಪುಸ್ತಕದ ಚೀಲದಲ್ಲಿದೆ."

ಅಡುಗೆಮನೆಯ ಬೆಚ್ಚನೆಯಲ್ಲಿ, ತಳವನ್ನು ಅಚ್ಚಿಗೆ ಬಿಗಿದಿದ್ದ ಹಿಡಿಕೆಗಳನ್ನು ಸಡಿಲಿಸುತ್ತಾರೆ. ಐಲಿ ತಳವನ್ನು ಮೇಜಿನ ಮೇಲೆ ಬೋರಲು ಹಾಕಿ ನಾಲ್ಕೂ ಮೂಲೆ ಒತ್ತುತ್ತಾರೆ. ಅಲುಗುವುದಿಲ್ಲ. ಹೊಸ ಫೋಮು ಕೂರಿಸಿ ಹೊದಿಕೆ ಎಳೆದು ಬಿಗಿಯುತ್ತಾರೆ. ಕಾಫಿ, ಏಲಕ್ಕಿ ಬ್ರೆಡ್ಡು ಮುಗಿಯುವುದರೊಳಗೆ ಡಾನಾಳ ಪಿಕಪ್ಪು ಒನ್ನಿಯನ್ನೂ ಗಾಡಿಯನ್ನೂ ಹೊತ್ತು ಬಂದು ನಿಲ್ಲುತ್ತದೆ.

ಐಲಿ ಸೀಟು ಕೂರಿಸುತ್ತಾರೆ. ಡಾನಾ ಕೈಕಟ್ಟಿ ನಿಂತಿದ್ದಾಳೆ.

"ಆಂಟಿ, ನಿಮ್ಮ ಮಾತು ನಂಬಿ ಬಿಡ್ತಾ ಇದ್ದೀನಿ."

"ನನ್ನ ಮಾತು ಯಾಕೆ ನಂಬ್ತೀಯ? ನಿಮ್ಮಪ್ಪನ ತೂಕ ನಂಬು. ಕೂತ್ಕೊಳೋ ಒನ್ನಿ. ಮೆಲ್ಲಗೆ ಬೇಡ, ಧೊಪ್ಪಂತ ಕೂರು."

ಒನ್ನಿ ಕೂರುತ್ತಾರೆ. ಮೂವರ ಕಿವಿಯೂ ಸೀಟಿನ ಅಡಿಯಲ್ಲಿದೆ. ಟಪ್ಪೆನ್ನುವುದಿಲ್ಲ. ಎದ್ದು ಮತ್ತೆ ಕೂರುತ್ತಾರೆ, ಇನ್ನೂ ಜೋರಾಗಿ. ಸದ್ದಿಲ್ಲ. ಮರುಗಳಿಗೆಯಲ್ಲಿ ಎಂಜಿನ್ ಗುಡುಗುತ್ತದೆ. ಗಾಡಿ ಮನೆಯೆದುರಿನ ಕೆರೆಯ ದಡ ಇಳಿದು, ಮಂಜುಗಡ್ಡೆಯ ಏರುತಗ್ಗುಗಳ ಮೇಲೆ ಕುಪ್ಪಳಿಸುತ್ತ ಗುಡಿಸಲಿನತ್ತ ಓಡುತ್ತದೆ. ದೂರದಲ್ಲಿ ಅದು ನಿಂತು, ಒನ್ನಿ ಇಳಿದು ಬಾಗಿಲು ತೆರೆಯುವುದು ಕಾಣುತ್ತದೆ.

ಡಾನಾ ಕಟ್ಟಿದ ಕೈ ಬಿಡುತ್ತಾಳೆ. "ಕೊಳ್ಳೋಕೆ ಬರ್ತೀನಿ ಅಂದವನಿಗೆ ಬೇಡ ಅಂತ ಹೇಳ್ಬಿಡ್ತೀನಿ. ಆದ್ರೂ ಅಪ್ಪನ್ನ ನೋಡಿ ಆಂಟಿ, ನಿಮಗೊಂದು ಮಾತೂ ಹೇಳ್ದೆ ಹೋಗ್ಬಿಟ್ರು."

ಐಲಿ ಕಂಬಳಿ ಮಡಚುತ್ತಿದ್ದಾರೆ.

"ಸೀಟು ಅವನ ನೆನಪಿಗೇ ಬಂದಿಲ್ಲ ಕಣಮ್ಮ. ನನಗೆ ಬೇಕಾಗಿದ್ದೂ ಅದೇ."